ಕುರೊಸಾವಾ 1965ರ ನಂತರ ಯಾಕೆ ಅಷ್ಟು ಕಡಿಮೆ ಸಿನಿಮಾ ಮಾಡಿದರು?

ಪ್ರಶ್ನೆ: ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಮೊದಲೆಲ್ಲ ಹೆಚ್ಚುಕಡಿಮೆ ವರ್ಷಕ್ಕೊಂದು ಸಿನಿಮಾ ಮಾಡುತ್ತಿದ್ದರು. ಆಮೇಲೆ ಐದೈದು ವರ್ಷಕ್ಕೊಂದು. ಅಷ್ಟು ಹೆಸರಿದ್ದೂ ಹೀಗ್ಯಾಕೆ?

ಉತ್ತರ: ದುಡ್ಡು ಹಾಕುವವರು ಸಿಗಲಿಲ್ಲ, ಅಷ್ಟೇ. ಕಥೆ ಖಾಲಿಯಾಗಿತ್ತು, ಕೈ ಸೋತಿತ್ತು ಅನ್ನೋದೆಲ್ಲ ಸುಮ್ನೆ.

ಲೆಕ್ಕ ನೋಡಿ. 1943ರಿಂದ 1965ರ 'ರೆಡ್ ಬಿಯರ್ಡ್'ವರೆಗೆ 23 ಸಿನಿಮಾ. ಆಮೇಲೆ 1993ರವರೆಗೆ ಬರೀ ಏಳು.

ಮೊದಲಿನ ಸಿನಿಮಾಗಳಲ್ಲಿ ಹೆಚ್ಚಿನವು ತೋಹೊ ಸ್ಟುಡಿಯೊದವು. ಸೆಟ್ ಹಾಕುವವರು, ಸಹಾಯಕರು, ಎಷ್ಟೋ ನಟರು ಕಂಪನಿಯ ಸಂಬಳದವರೇ. ಓಡಿಸೋಕೆ ಕಂಪನಿಯದೇ ಥಿಯೇಟರ್‌ಗಳು. ಹಾಗಾಗಿ ಕುರೊಸಾವಾ ಅವರ ಹಟ ನಡೆಯಿತು. 1954ರ 'ಸೆವೆನ್ ಸಮುರಾಯ್' ಶೂಟಿಂಗ್ ಸುಮಾರು ಒಂದು ವರ್ಷ ಎಳೆಯಿತು. ಬಜೆಟ್ ಮೀರಿ, ನಡುವೆ ಕೆಲಸವೇ ನಿಂತಿತು. ಇವರು ಆರಾಮಾಗಿ ಮೀನು ಹಿಡಿಯಲು ಹೋದರಂತೆ! ಇಷ್ಟು ದುಡ್ಡು ಸುರಿದವರು ಈಗ ಕೈಬಿಡ್ತಾರಾ ಅನ್ನೋ ಧೈರ್ಯ.

ಆ ಧೈರ್ಯ ಟಿವಿ ಬರುವವರೆಗೆ ಮಾತ್ರ. 1958ರಲ್ಲಿ ಜಪಾನಿನಲ್ಲಿ 112 ಕೋಟಿ ಸಿನಿಮಾ ಟಿಕೆಟ್ ಮಾರಾಟವಾಗಿದ್ದವು. 1970ರ ಹೊತ್ತಿಗೆ ಅದು ಸುಮಾರು 25 ಕೋಟಿಗೆ ಇಳಿಯಿತು. ಇಂಥ ಹೊತ್ತಲ್ಲಿ ವರ್ಷಗಟ್ಟಲೆ ಶೂಟಿಂಗ್ ಮಾಡುವವರನ್ನು ಯಾರು ಸಾಕ್ತಾರೆ? ನನಗಂತೂ ಸ್ಟುಡಿಯೊದವರನ್ನು ಪೂರ್ತಿ ಬೈಯಲು ಮನಸ್ಸಾಗುವುದಿಲ್ಲ.

ಹಾಲಿವುಡ್ ಕಡೆ ಹೋದರು, ಅಲ್ಲೂ ಆಗಿಬರಲಿಲ್ಲ. ಪರ್ಲ್ ಹಾರ್ಬರ್ ದಾಳಿಯ ಕಥೆಯ 'ತೋರಾ! ತೋರಾ! ತೋರಾ!' ಸಿನಿಮಾದಿಂದ 1968ರಲ್ಲಿ, ಶೂಟಿಂಗ್ ಶುರುವಾದ ಕೆಲವೇ ವಾರಕ್ಕೆ, ಅವರನ್ನು ತೆಗೆದುಹಾಕಿದರು. ತಲೆ ಸರಿಯಿಲ್ಲ ಅನ್ನೋ ಮಾತೂ ಹಬ್ಬಿತು. ಅದಕ್ಕೆ ಉತ್ತರವೆಂಬಂತೆ ಮಾಡಿದ್ದು 1970ರ 'ದೊದೆಸ್ಕಾದೆನ್'. ಇಚಿಕಾವಾ, ಕಿನೊಶಿತಾ, ಕೊಬಯಾಶಿ ಎಂಬ ಮೂವರು ನಿರ್ದೇಶಕರ ಜೊತೆ ಕಟ್ಟಿದ ಸಂಸ್ಥೆಯಿಂದ, ಸ್ವಲ್ಪ ಸಮಯದಲ್ಲೇ ಶೂಟಿಂಗ್ ಮುಗಿಸಿದರು. ಬೇಗ, ಕಡಿಮೆ ಖರ್ಚಲ್ಲಿ ಮಾಡಬಲ್ಲರು ಅಂತ ತೋರಿಸಿಕೊಟ್ಟರು. ಆದರೆ ಜನ ಬರಲಿಲ್ಲ. 1971ರ ಡಿಸೆಂಬರ್‌ನಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿದರು. ಜೀವ ಉಳಿಯಿತು.

ಅಲ್ಲಿಂದ ಮುಂದೆ ದುಡ್ಡು ಬಂದದ್ದು ಜಾಸ್ತಿ ಹೊರಗಿನಿಂದಲೇ. 'ದೆರ್ಸು ಉಜಾಲಾ'ಗೆ ಸೋವಿಯತ್ ಸ್ಟುಡಿಯೊ ಮೋಸ್‌ಫಿಲ್ಮ್. ಅದಕ್ಕೆ ಆಸ್ಕರ್ ಬಂದರೂ ಜಪಾನಿನಲ್ಲಿ ಬಾಗಿಲು ತೆರೆಯಲಿಲ್ಲ. 'ಕಾಗೆಮುಶಾ' ಮಾಡಲಾಗುತ್ತೋ ಇಲ್ಲವೋ ಎಂದು ದೃಶ್ಯಗಳನ್ನು ಒಂದೊಂದಾಗಿ ಚಿತ್ರ ಬರೆಯುತ್ತ ಕೂತರು. ಅವರ ಅಭಿಮಾನಿಗಳಾದ ಅಮೆರಿಕನ್ ನಿರ್ದೇಶಕರು ಜಾರ್ಜ್ ಲ್ಯೂಕಾಸ್ ಮತ್ತು ಕೊಪ್ಪೊಲಾ ಅಮೆರಿಕದ ಫಾಕ್ಸ್ ಕಂಪನಿಯನ್ನು ಒಪ್ಪಿಸಿದರು. ತೋಹೊ ಕೂಡ ದುಡ್ಡು ಹಾಕಿತು. 'ತೋರಾ'ದಿಂದ ಅವರನ್ನು ಹೊರಗೆ ಹಾಕಿದ್ದೂ ಇದೇ ಫಾಕ್ಸ್, ನೋಡಿ. 1985ರ 'ರಾನ್'ಗೆ ಫ್ರಾನ್ಸ್‌ನ ನಿರ್ಮಾಪಕ ಸೆರ್ಜ್ ಸಿಲ್ಬರ್‌ಮನ್ ಕೈಜೋಡಿಸಿದರು.

ಎಂಬತ್ತು ದಾಟುವ ಹೊತ್ತಿಗೆ ಮತ್ತೆ ವೇಗ ಬಂತು. 1990, 1991, 1993ರಲ್ಲಿ ಒಂದೊಂದು ಸಿನಿಮಾ. ಅವೆಲ್ಲ 'ರಾನ್'ನಷ್ಟು ದೊಡ್ಡ ಯುದ್ಧದ ಸಿನಿಮಾಗಳಲ್ಲ, ಅದೂ ಒಂದು ಕಾರಣ. 1998ರಲ್ಲಿ ತೀರಿಕೊಂಡಾಗ ಅವರಿಗೆ 88 ವರ್ಷ. ಬರೆದಿಟ್ಟಿದ್ದ ಒಂದು ಚಿತ್ರಕಥೆಯನ್ನು ಅವರ ಸಹಾಯಕರಾಗಿದ್ದ ತಕಾಶಿ ಕೊಯಿಜುಮಿ ಸಿನಿಮಾ ಮಾಡಿದರು.