ಎಪಿಒಇ ಜೀನ್: ‘ಸಿ’ ಎಣಿಸುವ ಉಪಾಯ

ಅಲ್ಝೈಮರ್ ಕಾಯಿಲೆಯ ಜೀನ್‌ಗಳನ್ನು ಎರಡು ಗುಂಪು ಮಾಡಿಕೊಂಡರೆ ಓದು ಸಲೀಸು. ಒಂದು, ಕಾಯಿಲೆಯನ್ನೇ ತರುವಂಥವು: 21ನೇ ವರ್ಣತಂತುವಿನ ಎಪಿಪಿ, 14ರಲ್ಲಿ ಪ್ರಿಸೆನಿಲಿನ್ 1, 1ರಲ್ಲಿ ಪ್ರಿಸೆನಿಲಿನ್ 2. ಇವುಗಳ ಮ್ಯುಟೇಶನ್‌ನಿಂದ (ಡಿಎನ್‌ಎ ಅಕ್ಷರದ ಬದಲಾವಣೆಯಿಂದ) ಕಾಯಿಲೆ ಸಾಮಾನ್ಯವಾಗಿ 65 ವರ್ಷಕ್ಕೆ ಮೊದಲೇ ಬರುತ್ತದೆ. ಇಂಥವರು ತೀರಾ ಕಡಿಮೆ. ಇನ್ನೊಂದು ಗುಂಪು, ಅಪಾಯವನ್ನು ಏರಿಸುವ ಇಲ್ಲವೇ ಇಳಿಸುವ ಜೀನ್‌ಗಳು. ಅದರಲ್ಲಿ ದೊಡ್ಡದು 19ನೇ ವರ್ಣತಂತುವಿನ ಎಪಿಒಇ.

ಎಪಿಒಇಗೆ ಮುಖ್ಯವಾಗಿ ಮೂರು ರೂಪ. ಇ3 ಎಲ್ಲಕ್ಕಿಂತ ಜಾಸ್ತಿ ಕಾಣುವುದು, ಇ4 ಅಪಾಯ ಹೆಚ್ಚಿಸುವುದು, ಇ2 ತಗ್ಗಿಸುವುದು. ಇಷ್ಟು ಎಲ್ಲರಿಗೂ ಗೊತ್ತು. ತೊಡಕು ಇರುವುದು ಡಿಎನ್‌ಎ ಅಕ್ಷರ ನೋಡಿ ರೂಪ ಗುರುತಿಸುವಾಗ. ಅದನ್ನೇ ನಿಧಾನವಾಗಿ ಬಿಡಿಸೋಣ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ. ಮೂರೂ ರೂಪಗಳ ಪ್ರೋಟೀನ್‌ಗೆ ವ್ಯತ್ಯಾಸ ಈ ಸರಪಳಿಯ ಎರಡೇ ಜಾಗದಲ್ಲಿ: 112 ಮತ್ತು 158. ಎರಡೂ ಕಡೆ ಸಿಸ್ಟೀನ್ ಎಂಬ ಅಮೈನೋ ಆಮ್ಲ ಇದ್ದರೆ ಇ2. 112ರಲ್ಲಿ ಸಿಸ್ಟೀನ್, 158ರಲ್ಲಿ ಆರ್ಜಿನೈನ್ ಎಂಬ ಇನ್ನೊಂದು ಅಮೈನೋ ಆಮ್ಲ ಇದ್ದರೆ ಇ3. ಎರಡೂ ಆರ್ಜಿನೈನ್ ಆದರೆ ಇ4.

ಈಗ ಡಿಎನ್‌ಎಗೆ ಬನ್ನಿ. ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರು ಡಿಎನ್‌ಎ ಅಕ್ಷರಗಳೇ ಕೋಡಾನ್. ಈ ಜಾಗಗಳಲ್ಲಿ ಸಿಸ್ಟೀನ್‌ನ ಕೋಡಾನ್ ಟಿಜಿಸಿ. ಮೊದಲ ಅಕ್ಷರ ಸಿ ಆದರೆ ಸಿಜಿಸಿ, ಅಂದರೆ ಆರ್ಜಿನೈನ್. ಅಮೈನೋ ಆಮ್ಲಗಳ ಒಂದಕ್ಷರದ ಪಟ್ಟಿಯಲ್ಲಿ ಸಿಸ್ಟೀನ್‌ಗೂ ‘ಸಿ’ ಅಂತಲೇ ಬರೆಯುತ್ತಾರೆ, ಅಲ್ವಾ? ತಲೆ ತಿರುಗುವುದು ಇಲ್ಲೇ. ಡಿಎನ್‌ಎಯ ಕೋಡಾನ್‌ನ ಮೊದಲ ಅಕ್ಷರ ಸಿ ಕಂಡರೆ ಅಲ್ಲಿ ಸಿಸ್ಟೀನ್ ಇಲ್ಲ, ಆರ್ಜಿನೈನ್ ಇದೆ. ಟಿ ಕಂಡರೆ ಸಿಸ್ಟೀನ್.

ಆಮೇಲೆ ಲೆಕ್ಕ ಸುಲಭ. ಒಂದು ವರ್ಣತಂತುವಿನ ಈ ಎರಡು ಜಾಗದಲ್ಲಿ ಎಷ್ಟು ಸಿ ಇದೆ ಎಣಿಸಿ, 2 ಕೂಡಿಸಿ. 112, 158 ಎಂಬ ಕ್ರಮದಲ್ಲಿ ಟಿ-ಟಿ ಅಂದರೆ ಇ2, ಟಿ-ಸಿ ಅಂದರೆ ಇ3, ಸಿ-ಸಿ ಅಂದರೆ ಇ4.

ಆದರೆ ಪ್ರತಿಯೊಬ್ಬರಲ್ಲೂ 19ನೇ ವರ್ಣತಂತು ಎರಡು ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು (ಇ3/ಇ4 ಎಂದರೆ ಒಂದರಲ್ಲಿ ಇ3, ಇನ್ನೊಂದರಲ್ಲಿ ಇ4). ಈ ಎರಡು ವರ್ಣತಂತುಗಳ ಸಿಗಳನ್ನು ಸುಮ್ನೆ ಒಟ್ಟುಗೂಡಿಸಬೇಡಿ. ಇ3/ಇ3 ಇದ್ದವರಲ್ಲೂ ಎರಡು ಸಿ, ಇ2/ಇ4 ಇದ್ದವರಲ್ಲೂ ಎರಡು ಸಿ. ಜಾಗ ನೋಡಿದರೆ ಬೇರೆಯಾಗುತ್ತವೆ. ಇ3/ಇ3ಯಲ್ಲಿ 112ರಲ್ಲಿ ಎರಡೂ ಟಿ, 158ರಲ್ಲಿ ಎರಡೂ ಸಿ. ಇ2/ಇ4ರಲ್ಲಿ ಎರಡೂ ಕಡೆ ಒಂದೊಂದು ಟಿ, ಒಂದೊಂದು ಸಿ. ಇದನ್ನೇ ಇ1/ಇ3 ಅಂತಲೂ ಓದಬಹುದು. ಇ1 ಅಂದರೆ ನಾಲ್ಕನೇ ರೂಪ; ಅದರಲ್ಲಿ ಸಿ ಇರುವುದು 112ರಲ್ಲಿ, 158ರಲ್ಲಿ ಟಿ. ಆದರೆ ಇ1 ಬಹಳ ಅಪರೂಪ, ಹಾಗಾಗಿ ಇ2/ಇ4 ಅಂತಲೇ ಹಿಡಿಯುತ್ತಾರೆ.

ಅಪಾಯದ ಅಂಕಿ: ಯುರೋಪ್ ಮೂಲದವರಲ್ಲಿ ಇ3/ಇ3ಗೆ ಹೋಲಿಸಿದರೆ ಒಂದು ಇ4ಗೆ ಸುಮಾರು 3 ಪಟ್ಟು, ಎರಡು ಇ4ಗೆ 8ರಿಂದ 12 ಪಟ್ಟು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆಫ್ರಿಕಾ ಮೂಲದವರಲ್ಲಿ ಇದರ ಪ್ರಭಾವ ಕಡಿಮೆ. ಪಟ್ಟು ಅಂದರೆ ಹೋಲಿಕೆ ಅಷ್ಟೆ. ಇ4 ಇದ್ದೂ ಕಾಯಿಲೆ ಬಾರದವರಿದ್ದಾರೆ, ಇಲ್ಲದೆ ಬಂದವರೂ ಇದ್ದಾರೆ.

ಈ ಎರಡು ಜಾಗವಷ್ಟೇ ನೋಡಿದರೆ ಎಲ್ಲವೂ ಸಿಗುವುದಿಲ್ಲ. 2019ರಲ್ಲಿ ವರದಿಯಾದ ಕೊಲಂಬಿಯಾದ ಒಬ್ಬ ಮಹಿಳೆಗೆ ಪ್ರಿಸೆನಿಲಿನ್ 1ರ ಮ್ಯುಟೇಶನ್ ಇತ್ತು. ಆ ಮನೆತನದಲ್ಲಿ ನಲವತ್ತರ ಆಸುಪಾಸಿಗೇ ಮರೆವು ಶುರುವಾಗುತ್ತದೆ. ಇವರಿಗೆ ಎಪ್ಪತ್ತರವರೆಗೂ ಅಷ್ಟು ತೊಂದರೆ ಆಗಲಿಲ್ಲ. ಎರಡೂ ಎಪಿಒಇ ಪ್ರತಿಗಳಲ್ಲಿ 136ನೇ ಜಾಗದ ಆರ್ಜಿನೈನ್ ಹೋಗಿ ಸೆರೀನ್ ಎಂಬ ಬೇರೆ ಅಮೈನೋ ಆಮ್ಲ ಬಂದಿತ್ತು. ಇದಕ್ಕೆ ಕ್ರೈಸ್ಟ್‌ಚರ್ಚ್ ರೂಪ ಎನ್ನುತ್ತಾರೆ. 112 ಮತ್ತು 158ರ ಲೆಕ್ಕದಲ್ಲಿ ಅವರು ಬರೀ ಇ3/ಇ3.