ಯುದ್ಧನೌಕೆ ನಡೆಸಿದವರಿಗೆ ಬಜೆಟ್ ಕೆಲಸ ಯಾಕೆ?

ಪ್ರಶ್ನೆ: ನಿವೃತ್ತ ನೌಕಾಪಡೆ ಅಧಿಕಾರಿಯೊಬ್ಬರ ಪರಿಚಯ ಓದಿದೆ. ಮೊದಲು ಯುದ್ಧನೌಕೆಯ ಕಮಾಂಡ್, ಆಮೇಲೆ ರಕ್ಷಣಾ ಹಣಕಾಸು ಅಂತ ಇತ್ತು. ಹಡಗಿಗೂ ಲೆಕ್ಕಪತ್ರಕ್ಕೂ ಏನು ಸಂಬಂಧ? ನನ್ನ ಮಗಳು ಬಿಕಾಂ ಓದುತ್ತಿದ್ದಾಳೆ. ಅವಳಿಗೂ ಇಂಥ ದಾರಿ ಇದೆಯಾ?
– ಓದುಗರು, ವಿಜಯಪುರ

ಉತ್ತರ: ಸಂಬಂಧ ಬಹಳ ಹತ್ತಿರದ್ದು. ಹಡಗಿನಲ್ಲಿರುವ ಜನ, ಆಯುಧ, ಇಂಧನ, ರೇಷನ್ ಎಲ್ಲಕ್ಕೂ ಕಮಾಂಡಿಂಗ್ ಆಫೀಸರ್ ಹೊಣೆ. ಒಂದು ಮಿತಿಯವರೆಗೆ ಖರ್ಚಿಗೆ ಮಂಜೂರಾತಿ ಕೊಡುವ ಅಧಿಕಾರವೂ ಅವರಿಗಿರುತ್ತದೆ. ಜೊತೆಗೆ, ಯಾರೂ ಇಡೀ ಸರ್ವಿಸ್ ಸಮುದ್ರದಲ್ಲೇ ಕಳೆಯುವುದಿಲ್ಲ. ನಡುನಡುವೆ ದೆಹಲಿಯ ನೌಕಾ ಪ್ರಧಾನ ಕಚೇರಿಯಂಥ ಕಡೆ ಪೋಸ್ಟಿಂಗ್ ಬರುತ್ತದೆ. ಯಾವ ಹಡಗಿಗೆ ಯಾವಾಗ ರಿಪೇರಿ, ಹೊಸದಕ್ಕೆ ಎಷ್ಟು ಹಣ ಅನ್ನುವ ಲೆಕ್ಕ ನಡೆಯುವುದು ಅಲ್ಲೇ.

ರೀಫಿಟ್, ಅಂದರೆ ಹಡಗಿನ ದೊಡ್ಡ ರಿಪೇರಿಯನ್ನೇ ನೋಡಿ. ಹಡಗನ್ನು ನೀರಿನಿಂದ ಮೇಲಕ್ಕೆ ತಂದು ತಳ ಕೆರೆಯುತ್ತಾರೆ. ತುಕ್ಕು ತಿಂದ ತಗಡು ಬದಲಿಸುತ್ತಾರೆ. ಪಂಪು, ವಾಲ್ವು, ಕೇಬಲ್ಲು ಬಿಚ್ಚಿ ನೋಡುತ್ತಾರೆ. ನಮ್ಮ ಕಾರವಾರದ ನೌಕಾನೆಲೆಯಲ್ಲಿ 10,000 ಟನ್ ತೂಕದ ಹಡಗನ್ನೂ ಎತ್ತುವ ಶಿಪ್‌ಲಿಫ್ಟ್ ಇದೆ. ಬಿಚ್ಚಿದ ಮೇಲೆ ಅಂದಾಜಿಗಿಂತ ಜಾಸ್ತಿ ಕೆಲಸ ಹೊರಬೀಳುವುದು ಮಾಮೂಲು. ಹಣ ಮಾತ್ರ ಅಷ್ಟೇ ಇರುತ್ತದೆ. ಯಾವ ವಾಲ್ವು ಈಗಲೇ ಬೇಕು, ಯಾವುದು ಮುಂದಿನ ರೀಫಿಟ್‌ವರೆಗೆ ತಡೆದೀತು? ನಡುರಾತ್ರಿ ಎಂಜಿನ್ ರೂಮಿಗೆ ನೀರು ನುಗ್ಗಿದರೆ ಏನಾಗುತ್ತದೆ ಅಂತ ಬಲ್ಲವರು ಈ ಪಟ್ಟಿ ಮಾಡುವ ರೀತಿಯೇ ಬೇರೆ.

ಹಾಗಂತ ಕೇಳುವವರ ಕೈಗೇ ಖಜಾನೆ ಕೊಡುವುದಿಲ್ಲ. ಮಿತಿ ಮೀರಿದ ಖರ್ಚಿಗೆ ಹಣಕಾಸು ಸಲಹೆಗಾರರ ಒಪ್ಪಿಗೆ ಬೇಕು. ಬಿಲ್ ಪಾಸು ಮಾಡುವುದು ರಕ್ಷಣಾ ಲೆಕ್ಕಪತ್ರ ಇಲಾಖೆ. ಅದು ಸಮವಸ್ತ್ರದವರದ್ದಲ್ಲ, ಸಿವಿಲ್ ಇಲಾಖೆ. ಅದರ ಮೇಲೆ ಸಿಎಜಿ, ಅಂದರೆ ದೇಶದ ಮಹಾಲೇಖಪಾಲರ ಆಡಿಟ್. ದೊಡ್ಡ ಖರೀದಿಯಾದರೆ ರಕ್ಷಣಾ ಸಚಿವರ ಅಧ್ಯಕ್ಷತೆಯ ಮಂಡಳಿ ಮೊದಲು ‘ಇದು ಬೇಕೇ’ ಅನ್ನುವುದನ್ನೇ ತೀರ್ಮಾನಿಸಬೇಕು. ಇದರಿಂದ ತಡವಾಗುತ್ತದೆ, ನಿಜ. ಮಾರ್ಚ್ 31ರೊಳಗೆ ಖರ್ಚಾಗದ ಹಣ ವಾಪಸ್ ಹೋಗುವುದರಿಂದ ಆ ತಡಕ್ಕೂ ಬೆಲೆ ತೆರಬೇಕು. ಆದರೂ 2025-26ರ ರಕ್ಷಣಾ ಬಜೆಟ್ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅಷ್ಟು ಜನರ ಹಣಕ್ಕೆ ಇಷ್ಟು ಕಾವಲು ಬೇಕೇ ಬೇಕು ಅನ್ನುವುದು ನನ್ನ ನಿಲುವು.

ಇನ್ನು ನಿಮ್ಮ ಮಗಳ ವಿಷಯ. ನೌಕಾಪಡೆಯ ಲಾಜಿಸ್ಟಿಕ್ಸ್ ವಿಭಾಗಕ್ಕೆ ಶಾರ್ಟ್ ಸರ್ವಿಸ್ (ನಿಗದಿತ ವರ್ಷಗಳ ಸೇವೆ) ಮೂಲಕ ಹೆಣ್ಣುಮಕ್ಕಳೂ ಸೇರಬಹುದು. ಬಿಕಾಂ ಫಸ್ಟ್ ಕ್ಲಾಸ್ ಆಗಿರಬೇಕು. ಜೊತೆಗೆ ಫೈನಾನ್ಸ್, ಲಾಜಿಸ್ಟಿಕ್ಸ್ ಅಥವಾ ಸಪ್ಲೈ ಚೈನ್‌ನಂಥ ವಿಷಯದಲ್ಲಿ ಪಿಜಿ ಡಿಪ್ಲೊಮಾ ಕೇಳುತ್ತಾರೆ. ಫಸ್ಟ್ ಕ್ಲಾಸ್ ಎಂಬಿಎ ಆದವರಿಗೂ ಅವಕಾಶ ಇದೆ. ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನ ದಾಟಿದರೆ ಕೇರಳದ ಎಳಿಮಲದಲ್ಲಿ ತರಬೇತಿ. ಸ್ಟೋರ್ಸ್, ರೇಷನ್, ಸಂಬಳ, ಖರೀದಿ ಈ ವಿಭಾಗದ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ದಾರಿಯಲ್ಲಿ ಯುದ್ಧನೌಕೆಯ ಕಮಾಂಡ್ ಸಿಗುವುದಿಲ್ಲ. ಅದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಓದಿ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪ್ರವೇಶ ಪರೀಕ್ಷೆ ಬರೆಯಬೇಕು, ಇಲ್ಲವೇ ಬಿಇ ಮುಗಿಸಿ ಹಡಗು ನಡೆಸುವ ಎಕ್ಸಿಕ್ಯೂಟಿವ್ ಶಾಖೆಗೆ ಹೋಗಬೇಕು. ಮನೆಯಲ್ಲಿ ಚಿಕ್ಕವರಿದ್ದರೆ ನಿಮ್ಮೂರಿನ ಸೈನಿಕ ಶಾಲೆ 1963ರಿಂದಲೂ ಮಕ್ಕಳನ್ನು ಎನ್‌ಡಿಎಗೆ ತಯಾರು ಮಾಡುತ್ತಿದೆ. ಈಗ ಅಲ್ಲಿ 6ನೇ ತರಗತಿಗೆ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರೆ. ಮಗಳಿಗೆ ಸಮವಸ್ತ್ರಕ್ಕಿಂತ ಲೆಕ್ಕವೇ ಇಷ್ಟ ಅಂದರೆ ಯುಪಿಎಸ್‌ಸಿ ಬರೆಯಲಿ. ಮೇಲೆ ಹೇಳಿದ ರಕ್ಷಣಾ ಲೆಕ್ಕಪತ್ರ ಇಲಾಖೆಯ ಅಧಿಕಾರಿಗಳು ಆ ಪರೀಕ್ಷೆಯಿಂದಲೇ ಬರುತ್ತಾರೆ, ಯಾವ ಡಿಗ್ರಿಯಾದರೂ ಸಾಕು.