ಲೆಕ್ಕಕ್ಕೆ ಬಾರದ ಮಣ್ಣು

ಹೋದ ಮುಂಗಾರಿನಲ್ಲಿ ಎರಡು ಬಾಟಲಿ ಕಾವೇರಿ ನೀರು ತಂದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೆ. ಒಂದು ಚುಂಚನಕಟ್ಟೆಯದು, ಕನ್ನಂಬಾಡಿ ಕಟ್ಟೆಗೆ ಸೇರುವ ಮೊದಲಿನ ನೀರು. ಇನ್ನೊಂದು ಶ್ರೀರಂಗಪಟ್ಟಣದ ಸ್ನಾನಘಟ್ಟದ್ದು. ಕಟ್ಟೆ ದಾಟಿ ಬಂದ ನೀರು. ಮೂರು ದಿನ ಅಲುಗಾಡಿಸದೆ ಬಿಟ್ಟೆ. ಚುಂಚನಕಟ್ಟೆಯ ಬಾಟಲಿಯ ತಳದಲ್ಲಿ ಒಂದು ನಾಣ್ಯದ ದಪ್ಪಕ್ಕೆ ಕೆಂಪು ಗೋಡು ಕೂತಿತ್ತು. ಬಿಸಿಲು ಬಿದ್ದಾಗ ಅದರಲ್ಲಿ ಕಾಗೆಬಂಗಾರದ ಪುಡಿ ಮಿನುಗುತ್ತಿತ್ತು. ಶ್ರೀರಂಗಪಟ್ಟಣದ ಬಾಟಲಿಯ ತಳದಲ್ಲಿ ಬೆರಳಿನಿಂದ ಬಳಿದಂತೆ ತೆಳ್ಳನೆಯ ಒಂದು ಪದರ, ಅಷ್ಟೇ. ಎರಡು ಊರುಗಳ ನಡುವೆ ಮಣ್ಣು ಎಲ್ಲಿ ಉಳಿಯಿತು ಎಂದು ಹೇಳಬೇಕಾಗಿಲ್ಲ.

ಆಮೇಲೆ ಚುಂಚನಕಟ್ಟೆಯ ಬಾಟಲಿಯನ್ನು ಚೆನ್ನಾಗಿ ಕುಲುಕಿ ಎರಡು ಲೋಟಕ್ಕೆ ಸುರಿದೆ. ಒಂದಕ್ಕೆ ಒಂದು ಚಮಚ ಅಡುಗೆ ಉಪ್ಪು ಹಾಕಿ ಕದಡಿದೆ. ಉಪ್ಪಿಲ್ಲದ ಲೋಟ ಸಂಜೆಯವರೆಗೂ ಚಹಾದ ಬಣ್ಣದಲ್ಲೇ ಇತ್ತು. ಉಪ್ಪು ಹಾಕಿದ ಲೋಟದಲ್ಲಿ ಮಣ್ಣು ಹಿಂಜಿದ ಹತ್ತಿಯ ಎಳೆಗಳಂತೆ ಒಂದಕ್ಕೊಂದು ಅಂಟಿಕೊಂಡು ಕೆಳಗಿಳಿಯತೊಡಗಿತು. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಮೇಲಿನ ನೀರು ತಿಳಿಯಾಗಿತ್ತು.

ಇದರ ಹಿಂದಿನ ವಿದ್ಯೆ ಸರಳ. ಜೇಡಿಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಎಲ್ಲವೂ ಒಂದೇ ಬಗೆಯ ಅಂಶ ಹೊತ್ತಿರುವುದರಿಂದ ಒಂದು ಇನ್ನೊಂದನ್ನು ದೂರ ತಳ್ಳುತ್ತದೆ. ಹೀಗಾಗಿ ಸಿಹಿನೀರಿನಲ್ಲಿ ಅವು ದಿನಗಟ್ಟಲೆ ತೇಲುತ್ತಲೇ ಇರುತ್ತವೆ. ಉಪ್ಪು ಕರಗಿದಾಗ ಬರುವ ಧನ ಅಯಾನುಗಳು ಆ ತಳ್ಳಾಟವನ್ನು ಅಡಗಿಸುತ್ತವೆ. ಕಣಗಳು ಗುಂಪುಗೂಡಿ ಭಾರವಾಗಿ ಇಳಿಯುತ್ತವೆ. ಹೊಳೆಗೆ ಕೆಂಪು ನೀರು ಬಂದಾಗ ನಮ್ಮ ಅಜ್ಜಿ ಪಟಿಕದ ತುಂಡನ್ನು ಕೊಡದೊಳಗೆ ಎರಡು ಸುತ್ತು ಆಡಿಸುತ್ತಿದ್ದರು. ಅಲ್ಲಿಯೂ ನಡೆಯುತ್ತಿದ್ದುದು ಇದೇ ಕೆಲಸ.

ನದಿ ಕಡಲನ್ನು ಮುಟ್ಟುವ ಕಡೆ ಇದು ಲೋಟದಲ್ಲಲ್ಲ, ಹತ್ತಾರು ಮೈಲಿಗಳ ಉದ್ದಕ್ಕೂ ನಡೆಯುತ್ತದೆ. ಕೊಡಗಿನ ಬೆಟ್ಟಗಳಿಂದ, ನಮ್ಮ ಹೊಲಗದ್ದೆಗಳಿಂದ ಕೊಚ್ಚಿಹೋದ ಮಣ್ಣು ಸುಮಾರು 800 ಕಿಲೋಮೀಟರ್ ಪಯಣಿಸಿ, ಉಪ್ಪುನೀರು ತಾಗಿದೊಡನೆ ಕೆಳಗೆ ಕೂರುತ್ತದೆ. ಸಾವಿರಾರು ವರ್ಷ ಹೀಗೆ ಕೂತು ಕೂತು ಆದದ್ದೇ ಕಾವೇರಿಯ ಮುಖಜ ಭೂಮಿ: ತಂಜಾವೂರು, ತಿರುವಾರೂರು, ನಾಗಪಟ್ಟಣಂ, ಮಯಿಲಾಡುತುರೈ. ಕರಿಕಾಲ ಚೋಳನ ಕಲ್ಲಣೆಯಿಂದ ಕವಲೊಡೆದು ಹರಿಯುವ ನೀರು ಬೆಳೆಸುವ ಭತ್ತವೆಲ್ಲ ನಿಂತಿರುವುದು ಮೇಲಿನಿಂದ ಬಂದ ಈ ಮಣ್ಣಿನ ಮೇಲೆ. ಅದರಲ್ಲಿ ನಮ್ಮ ಸೀಮೆಯ ಮಣ್ಣೂ ಇದೆ.

ಕಾವೇರಿ ಎಂದರೆ ನಮಗೆ ನೀರು, ನೀರೆಂದರೆ ಟಿಎಂಸಿ. ಕನ್ನಂಬಾಡಿಯಲ್ಲಿ 124.8 ಅಡಿ ತುಂಬಿತೋ ಇಲ್ಲವೋ ಎಂಬುದನ್ನು ಮಂಡ್ಯದ ಮಕ್ಕಳೂ ಹೇಳಬಲ್ಲರು. ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ 740 ಟಿಎಂಸಿಯನ್ನು ಹಂಚುವಾಗ ಪರಿಸರಕ್ಕೆಂದು 10, ಕಡಲಿಗೆ ಅನಿವಾರ್ಯವಾಗಿ ಸೇರುವುದಕ್ಕೆಂದು 4 ಟಿಎಂಸಿ ತೆಗೆದಿಟ್ಟಿತು. ನೀರಿಗೆ ಇಷ್ಟು ನಿಖರವಾದ ಲೆಕ್ಕ ಇದೆ. ಆದರೆ ಆ ನೀರಿನೊಂದಿಗೆ ಹೋಗಬೇಕಿದ್ದ ಮಣ್ಣಿನ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದನ್ನು ನಾನು ಕೇಳಿಲ್ಲ. ಕೇಳಿರುವುದು ಇನ್ನೊಂದು ಮಾತು: ನೀರು ಸುಮ್ಮನೆ ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತಿದೆ. ನಾನೂ ಹುಡುಗನಾಗಿದ್ದಾಗ ಅದನ್ನು ನಂಬಿದ್ದವನೇ. ಕನ್ನಂಬಾಡಿ ಕಟ್ಟೆಯ ನೀರು ಕುಡಿದು, ಆ ನಾಲೆಯ ಅಕ್ಕಿ ಉಂಡು ಬೆಳೆದವನು. ಕಟ್ಟೆಯನ್ನು ಹಳಿಯುವ ಮನಸ್ಸು ನನಗಿಲ್ಲ. ಆದರೆ ‘ವ್ಯರ್ಥ’ ಎಂಬ ಪದವನ್ನು ಈಗ ಒಪ್ಪಲಾರೆ.

ಏಕೆಂದರೆ ಮುಖಜ ಭೂಮಿ ತನ್ನಷ್ಟಕ್ಕೆ ತಾನೇ ಕುಸಿಯುತ್ತಿರುತ್ತದೆ. ಸಡಿಲವಾದ ಮೆಕ್ಕಲು ತನ್ನದೇ ಭಾರಕ್ಕೆ ಒತ್ತಿಕೊಂಡು ತಗ್ಗುತ್ತದೆ. ಅಂತರ್ಜಲ ಎತ್ತಿದರೆ ಇನ್ನೂ ಬೇಗ ತಗ್ಗುತ್ತದೆ. ಪ್ರತಿ ಪ್ರವಾಹದಲ್ಲೂ ಹೊಸ ಮಣ್ಣು ಬಂದು ಮೇಲೆ ಕೂತರೆ ಮಾತ್ರ ಮಟ್ಟ ಸರಿದೂಗುತ್ತದೆ. ಕನ್ನಂಬಾಡಿ ಮುಗಿದದ್ದು 1930ರ ದಶಕದ ಆರಂಭದಲ್ಲಿ, ಅದಕ್ಕಿಂತ ದೊಡ್ಡದಾದ ಮೆಟ್ಟೂರು ಕಟ್ಟೆ 1934ರಲ್ಲಿ. ಅಂದಿನಿಂದ ಮಣ್ಣು ಮೇಲೆಯೇ ತಂಗುತ್ತಿದೆ. ಉಳಿದದ್ದಕ್ಕೆ ಮರಳುಗಾರಿಕೆ ಇದೆ. ಇತ್ತ ಕಡಲ ಮಟ್ಟ 1901ರಿಂದ 2018ರ ನಡುವೆ ಸರಾಸರಿ 20 ಸೆಂಟಿಮೀಟರ್ ಏರಿದೆ. ಕೆಳಗೆ ನೆಲ ಇಳಿಯುತ್ತಿದೆ, ಎದುರಿಗೆ ನೀರು ಏರುತ್ತಿದೆ.

ಇದರ ಬಿಸಿ ತಟ್ಟುವುದು ಚಂಡಮಾರುತ ಬಂದ ರಾತ್ರಿ. ಗಾಳಿ ಮನೆಯ ಹೆಂಚು ಹಾರಿಸುವುದು ಕಣ್ಣಿಗೆ ಕಾಣುತ್ತದೆ, ಆದರೆ ಹೆಚ್ಚು ಜನರನ್ನು ಕೊಲ್ಲುತ್ತ ಬಂದಿರುವುದು ಕಡಲುಬ್ಬರ. ಗಾಳಿ ಕಡಲಿನ ನೀರನ್ನು ದಡದತ್ತ ನೂಕಿ ಗುಡ್ಡೆ ಹಾಕುತ್ತದೆ. ಕಡಲು ಆಳವಿಲ್ಲದ ಕಡೆ ಆ ನೀರಿಗೆ ಹಿಂತಿರುಗಲು ದಾರಿಯಿಲ್ಲದೆ ಗೋಡೆಯಂತೆ ಮೇಲೇರುತ್ತದೆ. 1977ರ ನವೆಂಬರಿನಲ್ಲಿ ಕೃಷ್ಣಾ ನದಿಯ ದಿವಿಸೀಮೆಯಲ್ಲಿ, 1999ರ ಅಕ್ಟೋಬರಿನಲ್ಲಿ ಒಡಿಶಾದಲ್ಲಿ ಒಂದೊಂದು ಬಾರಿಯೂ ಸುಮಾರು ಹತ್ತು ಸಾವಿರ ಜನ ಸತ್ತರು.

ಕಾವೇರಿಯ ಸೀಮೆಗೆ ಈಚೆಗೆ ಬಂದ ದೊಡ್ಡ ಪೆಟ್ಟು ಗಜ ಚಂಡಮಾರುತ. 2018ರ ನವೆಂಬರ್ 16ರ ನಸುಕಿನಲ್ಲಿ ವೇದಾರಣ್ಯದ ಹತ್ತಿರ ಅದು ನೆಲ ಮುಟ್ಟಿತು. ಲಕ್ಷಾಂತರ ತೆಂಗಿನ ಮರಗಳು ಬುಡಮೇಲಾದವು. ಮಂಡ್ಯದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭತ್ತ ಹೋದರೆ ಮುಂದಿನ ಕಾರು ಬೆಳೆ ಇದೆ. ತೆಂಗು ಹೋದರೆ ಸಸಿ ನೆಟ್ಟು ಐದಾರು ವರ್ಷ ಮಗುವಿನಂತೆ ಸಾಕಿ ಕಾಯಬೇಕು. ಅಷ್ಟರಲ್ಲಿ ಒಂದು ಮನೆಯ ಮದುವೆ, ಓದು, ಸಾಲ ಎಲ್ಲವೂ ತಲೆಕೆಳಗಾಗಿರುತ್ತವೆ.

ಮೈಸೂರಿನಿಂದ ಮಯಿಲಾಡುತುರೈ ಕಡೆಗೆ ಹೋಗುವ ರೈಲು ಸಂಜೆ ಮಂಡ್ಯದಲ್ಲಿ ನಿಲ್ಲುತ್ತದೆ. ಒಂದು ಜನವರಿಯಲ್ಲಿ ಅದನ್ನು ಹತ್ತಿ ಹೋಗಿದ್ದೆ. ಬೆಳಗಾಗುವಾಗ ಕಿಟಕಿಯಾಚೆ ಬರೀ ಗದ್ದೆ. ಮದ್ದೂರೇ ಜೊತೆಯಲ್ಲಿ ಬಂದಂತೆ ಅನಿಸಿತು. ಅಲ್ಲಿಂದ ಪೂಂಪುಹಾರಿಗೆ ಹೋದರೆ ಕಾವೇರಿ ಕಡಲು ಸೇರುವ ಜಾಗ ಸಿಗುತ್ತದೆ. ಶ್ರೀರಂಗಪಟ್ಟಣದಲ್ಲಿ ಎರಡಾಗಿ ಸೀಳಿ ಒಂದು ರಾಜಧಾನಿಯನ್ನೇ ನಡುವೆ ಹಿಡಿದುಕೊಂಡ ಹೊಳೆ ಅಲ್ಲಿ ಸಣ್ಣ ಹಳ್ಳದಂತೆ ತಲೆ ತಗ್ಗಿಸಿಕೊಂಡು ಹೋಗುತ್ತದೆ. ನನಗೆ ಸಂಕಟವಾಯಿತು. ಪ್ರವಾಹದ ದೊಡ್ಡ ಪಾಲು ಉತ್ತರದ ಕವಲು ಕೊಳ್ಳಿಡಂನಲ್ಲಿ ಹೋಗುತ್ತದೆ, ಅದರ ಅಳಿವೆಗೂ ವೆಳ್ಳಾರ್ ನದಿಯ ಅಳಿವೆಗೂ ನಡುವೆ ಪಿಚ್ಚಾವರಂ ಇದೆ.

ಪಿಚ್ಚಾವರಂ ಸುಮಾರು 1,100 ಹೆಕ್ಟೇರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಹೊನ್ನಾವರ, ಕುಮಟಾದ ಕಡೆಯವರಿಗೆ ಕಾಂಡ್ಲಾ ಚೆನ್ನಾಗಿ ಗೊತ್ತು, ಬಯಲುಸೀಮೆಯ ನಮಗೆ ಗೊತ್ತಿಲ್ಲ. ತಮಿಳರು ಇದನ್ನು ‘ಅಲೈಯಾತ್ತಿ ಕಾಡು’ ಎನ್ನುತ್ತಾರೆ, ಅಲೆಯನ್ನು ತಣಿಸುವ ಕಾಡು. ಹೆಸರಿಟ್ಟವರು ಬಲ್ಲವರು. ಒಂದು ಜಾತಿಯ ಮರ ನೀರಿನಲ್ಲಿ ಊರುಗೋಲಿನಂಥ ಬೇರುಗಳನ್ನು ಊರಿ ನಿಲ್ಲುತ್ತದೆ. ಇನ್ನೊಂದರ ಉಸಿರುಬೇರುಗಳು ಕೆಸರಿನಿಂದ ಪೆನ್ಸಿಲ್‌ಗಳಂತೆ ಸಾಲಾಗಿ ಮೇಲೆದ್ದಿರುತ್ತವೆ. ಉಬ್ಬರದ ನೀರು ಆ ಬೇರುಗಳ ನಡುವೆ ನುಗ್ಗಿದಾಗ ಓಟ ತಪ್ಪಿ ನಿಧಾನವಾಗುತ್ತದೆ. ನಿಧಾನವಾದಲ್ಲಿ, ಲೋಟದಲ್ಲಿ ಆದಂತೆ, ಮಣ್ಣು ಕೂರುತ್ತದೆ. ಹೀಗೆ ಕಾಡು ತಾನು ನಿಂತ ನೆಲವನ್ನು ತಾನೇ ಎತ್ತರಿಸಿಕೊಳ್ಳುತ್ತದೆ. ಕಲ್ಲಿನ ತಡೆಗೋಡೆಗೆ ಈ ಶಕ್ತಿ ಇಲ್ಲ.

ಅಲೆ ತಣಿಯುವುದು ಎಷ್ಟು? ಬೇರೆ ಬೇರೆ ದೇಶಗಳ ಅಳತೆಗಳನ್ನು ಒಟ್ಟುಮಾಡಿ ನೋಡಿದರೆ, 100 ಮೀಟರ್ ಕಾಂಡ್ಲಾ ದಾಟುವಷ್ಟರಲ್ಲಿ ಗಾಳಿಯಲೆಗಳ ಎತ್ತರ ಶೇಕಡ 13ರಿಂದ 66ರವರೆಗೆ ತಗ್ಗುತ್ತದೆ. ಕಡಲುಬ್ಬರದ ಮಾತು ಬೇರೆ. ಅದು ಅಲೆಯಲ್ಲ, ಇಡೀ ನೀರಿನ ಮಟ್ಟವೇ ಏರುವುದು. ಕಿಲೋಮೀಟರಿಗೆ 4ರಿಂದ 48 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಅಂದರೆ ತೋರಿಕೆಗೆ ನೆಟ್ಟ ಎರಡು ಸಾಲು ಗಿಡ ಯಾರನ್ನೂ ಉಳಿಸದು, ಕಾಡು ಅಗಲವಾಗಿರಬೇಕು. 2004ರ ಸುನಾಮಿಯ ನಂತರ ಕಾಂಡ್ಲಾದ ಹಿಂದಿನ ಹಳ್ಳಿಗಳು ಉಳಿದವು ಎಂಬ ಸುದ್ದಿ ಬಹಳ ಹರಡಿತು. ಆ ಹಳ್ಳಿಗಳು ಕಡಲಿನಿಂದ ದೂರವೂ ಎತ್ತರದಲ್ಲೂ ಇದ್ದವಲ್ಲ ಎಂದು ಬೇರೆ ವಿಜ್ಞಾನಿಗಳು ಕೇಳಿದರು, ಅದು ನ್ಯಾಯವಾದ ಪ್ರಶ್ನೆ. ಹೆಚ್ಚು ಗಟ್ಟಿಯಾದ ಸಾಕ್ಷ್ಯ ಒಡಿಶಾದ ಕೇಂದ್ರಪಾಡಾ ಜಿಲ್ಲೆಯದು. 1999ರ ಚಂಡಮಾರುತದಲ್ಲಿ ಕಡಲಿಗೂ ತಮಗೂ ನಡುವೆ ಅಗಲವಾದ ಕಾಂಡ್ಲಾ ಇದ್ದ ಹಳ್ಳಿಗಳಲ್ಲಿ ಸಾವು ಕಡಿಮೆಯಾಗಿತ್ತು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಕಾಡಿಗಿಂತ ಹೆಚ್ಚು ಜೀವ ಉಳಿಸಿದ್ದು ಮುನ್ನೆಚ್ಚರಿಕೆ. ಕಾಡು ಬೇಕು, ಜೊತೆಗೆ ಆಶ್ರಯಕಟ್ಟಡ, ಅಲ್ಲಿಗೆ ಹೋಗುವ ರಸ್ತೆ, ಸಮಯಕ್ಕೆ ಬರುವ ಎಚ್ಚರಿಕೆ, ಆ ಎಚ್ಚರಿಕೆಯನ್ನು ನಂಬಿ ದನಕರು ಬಿಟ್ಟು ಹೊರಡಲು ಧೈರ್ಯ ಕೊಡುವ ಪಕ್ಕದ ಮನೆಯವರೂ ಬೇಕು.

ಪಿಚ್ಚಾವರಂ ಕಾಡು ಒಮ್ಮೆ ಸತ್ತು ಬದುಕಿದೆ. ಬ್ರಿಟಿಷರ ಕಾಲದಲ್ಲಿ ಅದನ್ನು ತುಂಡು ತುಂಡಾಗಿ ವಿಂಗಡಿಸಿ ಪೂರ್ತಿ ಕಡಿಯುತ್ತಿದ್ದರು, ತಾನೇ ಬೆಳೆದೀತು ಎಂಬ ನಂಬಿಕೆಯಿಂದ. ಬೆಳೆಯಲಿಲ್ಲ. ನೆರಳು ಹೋದ ಕೆಸರು ಒಣಗಿ ಕುಸಿದು ಬಾನಿಯಂತೆ ಗುಂಡಿಯಾಯಿತು. ಉಬ್ಬರದಲ್ಲಿ ಒಳಬಂದ ನೀರಿಗೆ ಇಳಿತದಲ್ಲಿ ಹೊರಹೋಗಲು ದಾರಿಯಿಲ್ಲ. ನಿಂತ ನೀರು ಬಿಸಿಲಿಗೆ ಆರಿ ಉಪ್ಪು ಮಾತ್ರ ಉಳಿಯಿತು. ಕೊನೆಗೆ ಕಾಂಡ್ಲಾ ಕೂಡ ತಾಳಲಾರದಷ್ಟು ಉಪ್ಪು.

ಓದುತ್ತಿದ್ದಂತೆ ನಿಮಗೂ ಹೊಳೆದಿರಬೇಕು. ಇದು ನಮ್ಮ ಚೌಳು! ನಾಲೆ ಬಂದ ಮೇಲೆ ನೀರು ನಿಂತು, ಬಸಿಯದೆ, ಬಿಳಿ ಉಪ್ಪು ಮೇಲೆದ್ದು ಹಾಳಾದ ಗದ್ದೆಗಳು ಮಂಡ್ಯದಲ್ಲಿ ಎಷ್ಟಿಲ್ಲ? ಅದಕ್ಕೆ ನಮ್ಮ ರೈತರು ಮಾಡುವುದೇನು? ಬಸಿಗಾಲುವೆ ತೆಗೆಯುತ್ತಾರೆ. ಪಿಚ್ಚಾವರಂನಲ್ಲೂ ಮಾಡಿದ್ದು ಅದನ್ನೇ. 1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ಅರಣ್ಯ ಇಲಾಖೆ ಮತ್ತು ಹಳ್ಳಿಯವರೊಂದಿಗೆ ಸೇರಿ ಸತ್ತ ಜಾಗಗಳಲ್ಲಿ ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿದರು. ನಡುವೆ ಒಂದು ದೊಡ್ಡ ಕಾಲುವೆ, ಅದಕ್ಕೆ ಎರಡೂ ಬದಿಯಿಂದ ಓರೆಯಾಗಿ ಸೇರುವ ಸಣ್ಣವು. ಕಡಲಿನ ಉಬ್ಬರವೇ ದಿನಕ್ಕೆರಡು ಬಾರಿ ಬಂದು ಕಟ್ಟಿದ ಉಪ್ಪನ್ನು ತೊಳೆದುಕೊಂಡು ಹೋಯಿತು. ಆ ಕಾಲುವೆಗಳ ಅಂಚಿನಲ್ಲಿ ಸಸಿ ನೆಟ್ಟರು, ಕಾಡು ಮರಳಿತು. ನೀರಿನ ದಾರಿ ಮೊದಲು, ಗಿಡ ಆಮೇಲೆ. ಎಷ್ಟೋ ಕಡೆ ಈ ಕ್ರಮ ತಪ್ಪಿ, ಸದಾ ನೀರಿನಲ್ಲಿ ಮುಳುಗಿರುವ ಕೆಸರಿಗೆ ಲಕ್ಷಗಟ್ಟಲೆ ಸಸಿ ನೆಟ್ಟು ಕೈಸುಟ್ಟುಕೊಂಡಿದ್ದಾರೆ.

ಮಣ್ಣಿನ ವಿಷಯದಲ್ಲಿ ಕಣ್ಣು ತೆರೆಸುವ ಪಾಠ ಬಾಂಗ್ಲಾದೇಶದ್ದು. 1960ರ ದಶಕದಿಂದ ಅಲ್ಲಿ ದ್ವೀಪಗಳ ಸುತ್ತ ಮಣ್ಣಿನ ಒಡ್ಡು ಕಟ್ಟಿದರು. ಉಪ್ಪುನೀರು ನಿಂತಿತು, ಅದರೊಂದಿಗೆ ಗೋಡೂ ನಿಂತಿತು. ಕೆಲವು ದಶಕಗಳಲ್ಲಿ ಒಡ್ಡಿನೊಳಗಿನ ನೆಲ ಹೊರಗಿನ ಕಾಡಿನ ನೆಲಕ್ಕಿಂತ ಒಂದು ಮೀಟರಿಗೂ ಹೆಚ್ಚು ತಗ್ಗಾಯಿತು. 2009ರಲ್ಲಿ ಐಲಾ ಚಂಡಮಾರುತ ಒಡ್ಡನ್ನು ಒಡೆದಾಗ ಜನ ಪಟ್ಟ ಪಾಡು ಹೇಳತೀರದು. ಆದರೆ ಒಡ್ಡು ದುರಸ್ತಿಯಾಗದೆ ಉಳಿದ ಎರಡು ವರ್ಷಗಳಲ್ಲಿ ಉಬ್ಬರ ತಂದ ಹೂಳು ಅದೇ ನೆಲವನ್ನು ಹತ್ತಾರು ಸೆಂಟಿಮೀಟರ್ ಎತ್ತರಿಸಿತು. ಈಗ ಅಲ್ಲಿನ ಕೆಲವು ಕಡೆ ರೈತರು ಬೇಕೆಂದೇ ಒಡ್ಡು ಕಡಿದು, ಕೆಲವು ವರ್ಷ ಉಬ್ಬರವನ್ನು ಒಳಬಿಟ್ಟು ನೆಲ ಏರಿಸಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿ ಗೋಡು ಹೊಡೆಯುತ್ತಿದ್ದ ನಮ್ಮ ತಾತಂದಿರಿಗೆ ಇದು ಥಟ್ಟನೆ ಅರ್ಥವಾಗುತ್ತಿತ್ತು.

ಹಾಗಾದರೆ ಕನ್ನಂಬಾಡಿಯ ಹೂಳು? ಚೀನಾದ ಹಳದಿ ನದಿಯ ಮೇಲೆ ಕಟ್ಟಿದ ಸಾನ್‌ಮೆನ್‌ಶಿಯಾ ಅಣೆಕಟ್ಟೆ 1960ರಲ್ಲಿ ಮುಗಿದು, ಕೆಲವೇ ವರ್ಷಗಳಲ್ಲಿ ಹೂಳು ತುಂಬಿ ಕಂಗೆಡಿಸಿತು. ಅವರು ಅಡಿಯಲ್ಲಿ ತೂಬುಗಳನ್ನು ತೆರೆದು, ರಾಡಿ ನೀರು ಬರುವ ಪ್ರವಾಹದ ದಿನಗಳಲ್ಲಿ ಅದನ್ನು ಹರಿಯಬಿಟ್ಟು, ತಿಳಿನೀರನ್ನು ಹಿಡಿದಿಡುವ ಪದ್ಧತಿಗೆ ಬಂದರು. ಮುಂಗಾರು ಕೈಕೊಡುವ ನಮ್ಮ ನಾಡಿನಲ್ಲಿ ಮೊದಲ ಪ್ರವಾಹವನ್ನು ಬಿಟ್ಟುಬಿಡಿ ಎಂದು ರೈತರಿಗೆ ಹೇಳುವುದು ಸುಲಭವಲ್ಲ. ಬಿಟ್ಟರೂ ಕೆಳಗೆ ಮೆಟ್ಟೂರು ಕಾದಿದೆ. ಎರಡು ರಾಜ್ಯಗಳೂ ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಇದು. ಮೊದಲ ಹೆಜ್ಜೆಯಾಗಿ, ಪ್ರತಿ ವರ್ಷ ಎಷ್ಟು ಹೂಳು ಬಂತು, ಎಷ್ಟು ದಾಟಿತು ಎಂಬುದನ್ನು ಒಳಹರಿವು, ಹೊರಹರಿವಿನ ಪಕ್ಕದಲ್ಲೇ ಪತ್ರಿಕೆಗಳಲ್ಲಿ ಪ್ರಕಟಿಸಲಿ ಎಂಬುದು ನನ್ನ ಆಸೆ.

ಹೊಳೆ ಮಣ್ಣನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುತ್ತದೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿಲ್ಲದ್ದಲ್ಲ. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಶಾಪದ ಮಾತಿನಲ್ಲೇ ನದಿಯ ತಿರುವಿನ ಎರಡು ದಡಗಳ ಕಥೆ ಇದೆ. ತಲಕಾಡಿನ ಮರಳಿಗೆ ಹತ್ತಿರದ ಮಾಧವ ಮಂತ್ರಿ ಕಟ್ಟೆಯೂ ಒಂದು ಕಾರಣ ಎಂಬ ವಾದವಿದೆ. ಹೊಳೆಗೆ ಅಡ್ಡ ಇಟ್ಟ ಕಲ್ಲು ಯಾವ ಊರಿನ ಮೇಲೆ ಪರಿಣಾಮ ಬೀರುತ್ತದೆ ಎಂಬುದನ್ನು ನೋಡಲು ತಲಕಾಡಿಗಿಂತ ಸ್ವಲ್ಪ ದೂರ ಹೋಗಬೇಕು, ಅಷ್ಟೇ.

ಪಿಚ್ಚಾವರಂನಲ್ಲಿ ನಮ್ಮ ದೋಣಿ ಒಂದು ಇಕ್ಕಟ್ಟಾದ ಕವಲಿನಲ್ಲಿ ನಿಂತಾಗ, ಅಂಬಿಗರು ಹುಟ್ಟಿನ ತುದಿಯಲ್ಲಿ ತಳದ ಕೆಸರನ್ನು ಮೇಲೆತ್ತಿ ತೋರಿಸಿದರು. ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ಒಂದು ಹಿಡಿ ತೆಗೆದುಕೊಂಡು ಬೆರಳ ನಡುವೆ ತಿಕ್ಕಿ ನೀರಿನಲ್ಲಿ ತೊಳೆದೆ. ಜೇಡಿ ಹೋದ ಮೇಲೆ ಅಂಗೈಯ ಗೆರೆಗಳಲ್ಲಿ ಒಂದೆರಡು ಚೂರು ಕಾಗೆಬಂಗಾರ ಹೊಳೆಯಿತು. ‘ಮೈಸೂರಿನಿಂದ ಬಂದದ್ದು’ ಎಂದು ನನ್ನ ಅರೆಬರೆ ತಮಿಳಿನಲ್ಲಿ ಹೇಳಿದೆ. ಅವರು ನನ್ನನ್ನು ಕುರಿತು ಎಂದುಕೊಂಡು, ಹೌದಾ, ಮಳೆ ಹೇಗಿದೆ ಅಲ್ಲಿ ಎಂದು ಕೇಳಿದರು.